ಸುವರ್ಣಾಕ್ಷರದ ರತ್ನತ್ತೆ

ನನ್ನ ಎಡಗೈ ಮೇಲೆ ‘ರತ್ನ’ ಎಂಬ ಎರಡಕ್ಷರದ ಹಚ್ಚೆ ಇತ್ತು. ಗುಂಡ್ಲುಪೇಟೆಯಲ್ಲಿ ಟೈಪಿಂಗ್ ಕಲಿಯುವಾಗ ಪಕ್ಕದ ಮೆಷಿನ್ನಿಗೆ ಕೂರುತ್ತಿದ್ದ ಹುಡುಗಿಯ ಹೆಸರು ಅದು. ಆಕೆಗೆ ಈ ವಿಷಯವೇ ಗೊತ್ತಿರಲಿಲ್ಲ. ಪ್ರೇಮವೆಲ್ಲ ನನ್ನ ಕೈಯಲ್ಲೇ ಉಳಿಯಿತು!

ಮದುವೆಯಾದ ಹೊಸದರಲ್ಲಿ ಹೆಂಡತಿ ಶಿವಮ್ಮ ಇದು ಯಾರೆಂದು ಕೇಳಿದಳು. ಚಿಕ್ಕವಯಸ್ಸಿಗೇ ತೀರಿಕೊಂಡ ಸೋದರತ್ತೆ ಎಂದುಬಿಟ್ಟೆ. ಪಾಪ, ನಂಬಿದಳು. ಅಂದಿನಿಂದ ಪ್ರತಿ ಪಿತೃಪಕ್ಷಕ್ಕೆ ಹಿರಿಯರ ಎಡೆಯ ಪಕ್ಕ ರತ್ನತ್ತೆಗೂ ಒಂದು ಎಡೆ: ವಡೆ, ಪಾಯಸ, ಜೊತೆಗೊಂದು ಹೊಸ ಸೀರೆ. ನಾನು ಕರ್ಪೂರ ಹಚ್ಚಿ ಭಕ್ತಿಯಿಂದ ಅಡ್ಡಬೀಳುತ್ತಿದ್ದೆ.

ಹೀಗೆ ಹನ್ನೆರಡು ವರ್ಷ ನೆಮ್ಮದಿಯಾಗಿ ಸತ್ತಿದ್ದ ರತ್ನತ್ತೆ, ಚಾಮರಾಜನಗರ ಜಿಲ್ಲೆಯಾದದ್ದೇ ತಡ, ಹೊಸ ಕಚೇರಿಗೆ ಟೈಪಿಸ್ಟಾಗಿ ವರ್ಗವಾಗಿ ನಮ್ಮ ಬೀದಿಗೇ ಬಾಡಿಗೆಗೆ ಬಂದರು! ಶಿವಮ್ಮನಿಗೂ ಅವರಿಗೂ ಗಳಸ್ಯಕಂಠಸ್ಯ. ನನ್ನ ಸಂಸಾರದ ಮರ್ಯಾದೆಯೆಲ್ಲ ಒಂದು ತುಂಬುತೋಳಿನ ಅಂಗಿಯೊಳಗೆ ಅಡಗಿ ಕೂತಿತು.

ಮೈಸೂರಿಗೆ ಹಚ್ಚೆ ಅಳಿಸುವ ಲೇಸರ್ ಬಂದಿದೆಯೆಂದು ಕೇಳಿ, ಆಫೀಸು ಕೆಲಸವೆಂದು ಸುಳ್ಳು ಹೇಳಿ ರೈಲು ಹತ್ತಿದೆ. ಕೆಲವರಿಗೆ ಹಚ್ಚೆಯ ಜೊತೆ ಚರ್ಮದ ಬಣ್ಣವೂ ಹೋಗಬಹುದು ಎಂದು ಡಾಕ್ಟರು ಎಚ್ಚರಿಸಿದರು. ಆ ‘ಕೆಲವರು’ ಬೇರೆ ಯಾರೋ ಎಂದುಕೊಂಡೆ. ನಾಲ್ಕು ಸಲ ಓಡಾಡಿ, ಗಾಯ ಮಾಗಿದ ಮೇಲೆ ನೋಡುತ್ತೇನೆ, ಕಪ್ಪು ‘ರತ್ನ’ ಮಾಯ. ಅದೇ ಜಾಗದಲ್ಲಿ ಬೆಳ್ಳಗೆ ‘ರತ್ನ’! ಮೊದಲು ಹತ್ತಿರ ಬಂದವರಿಗೆ ಮಾತ್ರ ಕಾಣುತ್ತಿತ್ತು. ಈಗ ಎದುರುಮನೆಯಿಂದಲೂ ಓದಬಹುದಿತ್ತು.

ಅರಿಶಿನ ಬೆಳೆಯುವ ಊರಿನವನಲ್ಲವೇ! ಬಣ್ಣ ಬರಲೆಂದು ಅರಿಶಿನ ಅರೆದು ಮೆತ್ತಿದೆ. ಸುತ್ತಲಿನ ಕಪ್ಪು ಚರ್ಮಕ್ಕೆ ಹತ್ತದ ಅರಿಶಿನ ಆ ಬಿಳಿ ಅಕ್ಷರಗಳಿಗೆ ಸೊಗಸಾಗಿ ಹತ್ತಿತು. ರತ್ನತ್ತೆಯ ಹೆಸರು ಸುವರ್ಣಾಕ್ಷರಗಳಲ್ಲಿ ದಾಖಲಾಯಿತು. ಬಚ್ಚಲಲ್ಲಿ ತಿಕ್ಕುತ್ತಾ ಕೂತಿದ್ದಾಗ ಶಿವಮ್ಮ ಬಂದು ನಿಂತಳು.

ಅಳುಮುಖದಲ್ಲಿ ಎಲ್ಲ ಒಪ್ಪಿಕೊಂಡೆ. ಅವಳು ಸೆರಗಿಗೆ ಬಾಯಿಟ್ಟು ನಕ್ಕಳು.

‘ಬುಡಿ ಅತ್ತಾಗೆ. ಅಂಥ ಅತ್ತೆನೇ ಇರ್ನಿಲ್ಲ ಅಂತ ನಿಮ್ಮವ್ವ ಮದ್ವೆಯಾದ ವರ್ಷವೇ ಏಳಿದ್ರು.’

‘ಮತ್ತೆ ಇಷ್ಟ್ ವರ್ಷ ಎಡೆ ಯಾಕಿಟ್ಟೆ?’

‘ಎಡೆಗಿಟ್ಟ ಸೀರೆ ಉಡೋಳು ಯಾರು, ನಿಮ್ಮತ್ತೆನಾ?’

ನೋಡಿದೆ. ಆಗ ಉಟ್ಟಿದ್ದೂ ರತ್ನತ್ತೆಯ ಸೀರೆಯೇ.

‘ನಂಗೋಸ್ಕರ ಕೈ ಸುಟ್ಕಂಡ್ರಲ್ಲ’ ಎನ್ನುತ್ತ ಕೊಬ್ಬರಿಎಣ್ಣೆ ಸವರಿದಳು. ಇಂಥವಳಿಗೆ ಸುಳ್ಳು ಹೇಳಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ಈ ಸಲದ ಪಿತೃಪಕ್ಷದ ಸೀರೆಗೆ ಶಿವಮ್ಮ ರತ್ನ ಅವರನ್ನೇ ಜೊತೆಗೆ ಕರೆದುಕೊಂಡು ಹೋದಳು. ಯಾರಿಗೆಂದು ತಿಳಿಯದೆ ಪಾಪ, ಅವರೇ ಒಳ್ಳೆಯದೊಂದನ್ನು ಆರಿಸಿಕೊಟ್ಟರು. ನಾನು ತುಂಬುತೋಳಿನ ಅಂಗಿ ತೊಟ್ಟು, ಚೀಲ ಹಿಡಿದು ಇಬ್ಬರ ಹಿಂದೆ ಬಂದೆ.