ದನ ನೋಡುವವ ಕಂಪ್ಯೂಟರ್ ನೋಡಲು ಹೋದದ್ದು

ಹಳೆಯ ವಸ್ತು ಕೊಳ್ಳಲು ಒಬ್ಬ ಹೊರಟ ಎಂದು ಗೊತ್ತಾದರೆ ಸಾಕು, ಸುಳ್ಳು ಹೇಳುವವರು ತಾವಾಗಿಯೇ ಬಂದು ಸೇರುತ್ತಾರೆ. ಇದು ಇವತ್ತಿನದಲ್ಲ. ದನದ ವ್ಯಾಪಾರದಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೆ ಈ ವರ್ಷ ನೋಡಿದಷ್ಟು ಯಾವ ವರ್ಷವೂ ನೋಡಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕೆಲಸ ದನ ನೋಡುವುದು. ಡಾಕ್ಟರಲ್ಲ, ದಲ್ಲಾಳಿಯೂ ಅಲ್ಲ. ಕೊಯಿಲದ ಆಚೀಚೆ ಯಾರಾದರೂ ದನ ತೆಗೆದುಕೊಳ್ಳುವುದಿದ್ದರೆ "ನೀವೊಮ್ಮೆ ಬಂದು ನೋಡಿ ಮಾರಾಯ್ರೆ" ಎಂದು ಕರೆದುಕೊಂಡು ಹೋಗುತ್ತಾರೆ. ನಾನು ಹಲ್ಲು ನೋಡುತ್ತೇನೆ. ಗೊರಸು ನೋಡುತ್ತೇನೆ. ಕೆಚ್ಚಲು ಮುಟ್ಟಿ ನೋಡುತ್ತೇನೆ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ, ಎರಡು ಹೊತ್ತಿನ ಹಾಲು ನನ್ನ ಎದುರೇ ಕರೆಯಬೇಕು. ಆಮೇಲೆ ಮಾತು. ನನ್ನ ಮಾತನ್ನು ಊರಿಡೀ ನಂಬುತ್ತದೆ. ಮನೆಯಲ್ಲಿ ಮಾತ್ರ ನಂಬುತ್ತಿರಲಿಲ್ಲ. ನಮಗೆಂದು ನಾನು ದನ ತಂದಾಗಲೆಲ್ಲ, ಅದು ಗೇಟು ದಾಟುವ ಮೊದಲೇ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತು "ಬೇಡ" ಎನ್ನುತ್ತಿದ್ದಳು.

ಅವಳು ಹೋಗಿ ಒಂದು ವರ್ಷ ಆಯಿತು. ಫೋಟೋ ಎಂದರೆ ಮುಖ ತಿರುಗಿಸುವವಳು. ಆಧಾರ್ ಕಾರ್ಡಿನಲ್ಲಿ ಇರುವುದು ಯಾರೋ ಬೇರೆಯವರ ಹಾಗೆ ಉಂಟು. ಅವಳು ನಡೆಯುವುದು, ಮಾತಾಡುವುದು ಇರುವುದು ಒಂದೇ ಕಡೆ, ಮಗಳ ಮದುವೆಯ ಸಿಡಿಯಲ್ಲಿ. ಸಿಡಿ ಎರಡು. ಒಂದು ಮುಹೂರ್ತದ್ದು, ಇನ್ನೊಂದು ಊಟದ್ದು. ಸಿಡಿ ಹಾಕುವ ಪ್ಲೇಯರ್ ಸಿಡಿಲಿಗೆ ಸತ್ತಿತು. ಅಲ್ಲಿಂದ ನನ್ನ ಅಲೆದಾಟ.

೧. ಬೇರೆಯವರ ಗೃಹಪ್ರವೇಶ

ಕಡಬದ ಒಂದು ಅಂಗಡಿಗೆ ಮುಹೂರ್ತದ ಸಿಡಿ ತೆಗೆದುಕೊಂಡು ಹೋದೆ.

"ಸಿಡಿ ಈಗ ಯಾರು ನೋಡ್ತಾರೆ ಅಜ್ಜ? ಪೆನ್‌ಡ್ರೈವಿಗೆ ಹಾಕಿ ಕೊಡ್ತೇನೆ. ಟಿವಿಗೆ ಚುಚ್ಚಿದರೆ ಆಯ್ತು" ಎಂದ ಅಂಗಡಿಯವ.

ಮೂರು ಸಲ ಅಲೆಸಿ ಪೆನ್‌ಡ್ರೈವು, ಸಿಡಿ ಎರಡೂ ಒಂದು ಕವರಿನಲ್ಲಿ ಹಾಕಿ ಕೊಟ್ಟ. ಮಗಳು ನರಿಮೊಗರಿನಿಂದ ಬಂದಳು. ನಾವಿಬ್ಬರೂ ಟಿವಿ ಎದುರು ಕುಳಿತೆವು. ಬಂದದ್ದು ಒಂದು ಹೊಸ ಮನೆ. ಅಡುಗೆಕೋಣೆಯಲ್ಲಿ ಹಾಲು ಉಕ್ಕುತ್ತಾ ಉಂಟು. ಹೋಮದ ಹೊಗೆಗೆ ಎಲ್ಲರೂ ಕಣ್ಣು ಉಜ್ಜುತ್ತಾ ಇದ್ದಾರೆ. ಅರ್ಧ ಗಂಟೆ ಕಾದೆವು. ನಮ್ಮ ಪೈಕಿಯ ಒಂದು ನರಪಿಳ್ಳೆ ಇಲ್ಲ.

ಮರುದಿನ ಅಂಗಡಿಗೆ ಹೋದೆ.

"ನಮ್ಮ ಸಿಡಿ ಎಲ್ಲಿ?"

"ಅದು ಆ ಗೃಹಪ್ರವೇಶದವರ ಕೈಗೆ ಹೋಗಿರಬೇಕು."

"ಅವರು ಯಾರು?"

"ಹೆಸರು ಬರೆದಿಟ್ಟಿಲ್ಲ."

ನಾನು ಬಾಯಿಗೆ ಬಂದದ್ದು ಹೇಳಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅವನು ಪೂರ್ತಿ ಕೇಳಿ ತಣ್ಣಗೆ ಹೇಳಿದ: "ನೋಡಿ ಅಜ್ಜ, ಅವರು ಇಷ್ಟರವರೆಗೆ ಒಂದು ದೂರು ಹೇಳಿಲ್ಲ. ನಿಮ್ಮ ಮಗಳ ಮದುವೆ ಅವರಿಗೆ ಖುಷಿ ಆಗಿರಬೇಕು. ನೀವೂ ಅವರ ಮನೆ ನೋಡಿ ಸ್ವಲ್ಪ ಖುಷಿ ಪಡಬಾರದಾ?"

೨. ಲೆಕ್ಚರರ ಮನೆಯದ್ದು

ಊಟದ ಸಿಡಿ ಇನ್ನು ನನ್ನ ಕೈ ಬಿಟ್ಟು ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದೆ. ಅದನ್ನು ಹಾಕಿ ನೋಡುವ ಯಂತ್ರವೇ ನನ್ನ ಮನೆಗೆ ಬರಲಿ. ಸಿಡಿ ಪ್ಲೇಯರ್ ಈಗ ನಮ್ಮ ಕಡೆಯ ಅಂಗಡಿಗೆ ಬರುವುದೇ ಇಲ್ಲವಂತೆ. ಹೊಸ ಕಂಪ್ಯೂಟರಿಗೆ ಸಿಡಿ ಹಾಕುವ ಬಾಯಿಯೇ ಇಲ್ಲವಂತೆ. ಹಳೆಯ ಡೆಸ್ಕ್‌ಟಾಪಿಗೆ ಉಂಟಂತೆ.

"ಅಪ್ಪ, ನಿಮಗೆ ಕಂಪ್ಯೂಟರ್ ಎಂತ ಗೊತ್ತುಂಟು?" ಎಂದಳು ಮಗಳು.

"ಮಾರುವವ ಗೊತ್ತುಂಟು. ಅಷ್ಟು ಸಾಕು" ಎಂದೆ.

ಪುತ್ತೂರಿನಲ್ಲಿ ಹಳೆಯ ಕಂಪ್ಯೂಟರ್ ಮಾರುವ ಅಂಗಡಿ. ಸಂತೆಯಲ್ಲಿ ದನ ಕಟ್ಟಿದ ಹಾಗೆ ಸಾಲಾಗಿ ಇಟ್ಟಿದ್ದರು. ಒಂದನ್ನು ಎಂತದೋ ಹಚ್ಚಿ ಉಜ್ಜಿ ಫಳಫಳ ಮಾಡಿದ್ದರು. ಕೊಂಬಿಗೆ ಎಣ್ಣೆ ಹಚ್ಚಿದ ದನ ಕಂಡರೆ ನಾನು ಮೊದಲು ಹಲ್ಲು ನೋಡುವವ.

"ಇದು ಯಾರದ್ದು?"

"ಒಬ್ಬರು ಲೆಕ್ಚರರ ಮನೆಯದ್ದು" ಎಂದ ಅಂಗಡಿಯ ಯಜಮಾನ. "ವಾರಕ್ಕೊಮ್ಮೆ ಆನ್ ಮಾಡುದು. ಮತ್ತೆ ಬಟ್ಟೆ ಮುಚ್ಚಿ ಇಡುದು. ದೇವರ ಹಾಗೆ ನೋಡಿಕೊಂಡಿದ್ದಾರೆ."

"ಮುಚ್ಚಳ ತೆಗೀರಿ."

"ಒಳಗೆ ಎಂತ ಉಂಟು ನೋಡ್ಲಿಕ್ಕೆ? ವಯರು."

"ವಯರೇ ನೋಡುವ."

ಮನಸ್ಸಿಲ್ಲದ ಮನಸ್ಸಿನಿಂದ ತೆಗೆದ. ಒಳಗೆ ಬೆಳ್ಳಗೆ. ಫ್ಯಾನು ಬೆಳ್ಳಗೆ, ವಯರು ಬೆಳ್ಳಗೆ. ಬೆರಳಿನಲ್ಲಿ ತೆಗೆದು ಮೂಸಿದೆ. ಅಕ್ಕಿ ಹಿಟ್ಟು. ಅದರ ಹಿಂದೆಯೇ ಒಂದು ಘಾಟು ಬಂದು ನಾಲ್ಕು ಸಲ ಸೀನಿದೆ.

"ಇದು ಹಿಟ್ಟಿನ ಮಿಲ್ಲಿನಲ್ಲಿ ಇದ್ದದ್ದು" ಎಂದೆ.

"ಛೆ ಛೆ, ಲೆಕ್ಚರರದ್ದೇ."

"ಲೆಕ್ಚರರು ಅಕ್ಕಿ ಬೀಸುತ್ತಿದ್ದರಾ?"

"ಅವರ ಹೆಂಡತಿ ರೊಟ್ಟಿ ತಟ್ಟುತ್ತಿದ್ದರು ಮಾರಾಯ್ರೆ."

"ಇದರ ಒಳಗಾ?"

"ಹತ್ತಿರ ಕೂತು."

"ಮತ್ತೆ ಈ ಮೆಣಸಿನ ಪುಡಿ?"

ಅವನು ಮುಚ್ಚಳ ಹಾಕುತ್ತಾ, ನನ್ನ ಮುಖ ನೋಡದೆ ಹೇಳಿದ: "ಅವರು ಸ್ವಲ್ಪ ಖಾರ ತಿನ್ನುವ ಜನ."

೩. ಒಂದು ಫೋನು

ಮಗಳು ಫೋನಿನಲ್ಲಿ ಹುಡುಕಿ ಒಬ್ಬನ ನಂಬರು ಕೊಟ್ಟಳು. ಕರೆ ಮಾಡಿದೆ. ಅವನಿಗೆ ಬಹಳ ಅವಸರ.

"ಎಂತಕ್ಕೆ ಬೇಕು ನಿಮಗೆ? ಆಫೀಸ್ ಕೆಲಸಕ್ಕಾ, ಗೇಮ್ ಆಡ್ಲಿಕ್ಕಾ?"

"ಹೆಂಡತಿಯನ್ನು ನೋಡ್ಲಿಕ್ಕೆ."

"ಹಾಗಾದರೆ ಕ್ಯಾಮೆರಾ ಬೇರೆ ತಕ್ಕೊಳ್ಬೇಕು. ಕ್ಯಾಮೆರಾ, ಮೈಕು ಎರಡೂ ನನ್ನ ಹತ್ತಿರ ಉಂಟು. ಒಟ್ಟಿಗೆ ತಕ್ಕೊಂಡರೆ ಕಡಿಮೆ ಮಾಡುವ. ಅವರು ಎಲ್ಲಿ ಇರುದು? ಗಲ್ಫಾ?"

"ತೀರಿಹೋಗಿದ್ದಾಳೆ" ಎಂದೆ.

ಆ ಕಡೆಯವ ಒಮ್ಮೆ ಕೆಮ್ಮಿದ. ನಾಚಿಕೆ ಆಯಿತೇನೋ, ಪಾಪ, ಎಂದುಕೊಂಡೆ.

"ಹಾಗಾದರೆ ಮೈಕು ಬೇಡ" ಎಂದ.

೪. ಆಫ್ ಮಾಡಬಾರದ ಕಂಪ್ಯೂಟರ್

ಸುಳ್ಯದ ಹತ್ತಿರ ಒಂದು ಮನೆ. ನಾನು ಹೋಗುವಾಗಲೇ ಕಂಪ್ಯೂಟರ್ ಆನ್ ಆಗಿತ್ತು. ಪರದೆಯಲ್ಲಿ ಹಸಿರು ಗುಡ್ಡ, ನೀಲಿ ಆಕಾಶ. ಚಂದ ಉಂಟು. ಆದರೆ ಗಿರಾಕಿ ಬರುತ್ತಾನೆಂದು ಹಿಂದಿನ ಹೊತ್ತಿನ ಹಾಲು ಕರೆಯದೆ, ಕೆಚ್ಚಲು ಉಬ್ಬಿಸಿ ನಿಲ್ಲಿಸುವವರನ್ನು ನಾನು ನೋಡಿದವ.

"ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದೆ.

"ಯಾಕೆ? ಓಡ್ತಾ ಉಂಟಲ್ಲ?" ಎಂದ ಮನೆಯ ಯಜಮಾನ.

"ನಿಂತದ್ದು ಪುನಃ ಓಡುದು ನೋಡ್ಬೇಕು."

"ಒಂದು ನಿಮಿಷ" ಎಂದು ಅಡುಗೆಕೋಣೆಗೆ ಹೋದ. ಹೆಂಡತಿಯ ಹತ್ತಿರ ಸುಳ್ಯ ಕಡೆಯ ಅರೆಭಾಷೆಯಲ್ಲಿ ಹೇಳುವುದು ನನಗೆ ಹೊರಗೆ ಕೇಳಿತು. ಈ ಮುದುಕ ಆಫ್ ಮಾಡಲು ಹೇಳುತ್ತಾನೆ, ಮಾಡಿದರೆ ಅದು ಮತ್ತೆ ಏಳುವುದಿಲ್ಲ, ಒಂದು ಕಾಫಿ ಕೊಡು, ಮರೆತುಬಿಡುತ್ತಾನೆ ಎಂದು.

ನಾನು ಬಂದವನೇ ತುಳುವಿನಲ್ಲಿ ಮಾತಾಡಿದ್ದೆ. ನನಗೆ ಅರೆಭಾಷೆ ಗೊತ್ತಾಗುವುದಿಲ್ಲ ಎಂದು ಅವನ ಅಂದಾಜು. ನನ್ನ ಹೆಂಡತಿ ಸುಳ್ಯದ ಕಡೆಯವಳು. ಮದುವೆಯಾದ ದಿನದಿಂದ ನಾನು ಬೈಗುಳ ತಿಂದದ್ದೆಲ್ಲ ಆ ಭಾಷೆಯಲ್ಲಿಯೇ. ಈಗ ಮನೆಯಲ್ಲಿ ಅದು ಇಲ್ಲ. ಈ ಸುಳ್ಳುಗಾರನ ಬಾಯಿಂದ ಬಂದರೂ, ಒಂದು ಗಳಿಗೆ ಸುಮ್ಮನೆ ಕೇಳುತ್ತಾ ಕುಳಿತೆ. ಆಮೇಲೆ ಸಿಟ್ಟು ಬಂತು.

ಕಾಫಿ ಬಂತು. ಕುಡಿದೆ. ಮರೆಯಲಿಲ್ಲ.

"ಆಫ್ ಮಾಡಿ."

ಮಾಡಿದ. ಗುಡ್ಡ ಹೋಯಿತು. ಆಕಾಶವೂ ಹೋಯಿತು. ಆನ್ ಮಾಡಿದ. ಬರಲಿಲ್ಲ. ವಯರು ಕಿತ್ತು ಪುನಃ ಹಾಕಿದ. ಬೆನ್ನಿಗೆ ಎರಡು ಬಡಿದ. ಅಡ್ಡ ಮಲಗಿಸಿದ. ಬಿದ್ದ ದನವನ್ನು ಎಬ್ಬಿಸುವಾಗ ಮಾಡುವುದೆಲ್ಲ ಮಾಡಿದ. ಕೊನೆಗೆ ನನ್ನ ಮೇಲೆಯೇ ತಿರುಗಿದ.

"ನೀವು ಬರುವವರೆಗೆ ಸರಿ ಇತ್ತು. ಹಾಳು ಮಾಡಿದ್ದು ನೀವು. ಇನ್ನು ನೀವೇ ತಕ್ಕೊಳ್ಬೇಕು."

ನಾನು ಚಪ್ಪಲಿ ಹಾಕಿಕೊಂಡೆ. ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೆ ಅರೆಭಾಷೆಯಲ್ಲಿಯೇ ಹೇಳಿದೆ: "ತಂಗೀ, ಕಾಫಿ ಒಳ್ಳೆದಿತ್ತು. ಅದಕ್ಕೂ ಒಂದು ಲೋಟ ಕೊಟ್ಟು ನೋಡು. ಆಫ್ ಆದದ್ದು ಮರೆತರೂ ಮರೆತೀತು."

೫. ಎರಡು ಹೊತ್ತು

ನೆಟ್ಟಣದಲ್ಲಿ ರೈಲ್ವೆಯಿಂದ ರಿಟೈರ್ ಆದವರೊಬ್ಬರು ಇದ್ದರು. ಅವರ ಹತ್ತಿರ ಫೋನಿನಲ್ಲಿಯೇ ಹೇಳಿದೆ, ನಾನು ಸಂಜೆ ಒಮ್ಮೆ ನೋಡುತ್ತೇನೆ, ಬೆಳಿಗ್ಗೆ ಒಮ್ಮೆ ನೋಡುತ್ತೇನೆ, ಎರಡು ಹೊತ್ತು ನೋಡದೆ ಮಾತಿಲ್ಲ ಎಂದು.

"ಬನ್ನಿ ಬನ್ನಿ" ಎಂದರು. "ಇದು ಹಾಲು ಕೊಡುದಿಲ್ಲ. ಒದೆಯುದೂ ಇಲ್ಲ."

ಸಂಜೆ ಹೋದೆ. ಕಂಪ್ಯೂಟರ್ ಆಫ್ ಆಗಿಯೇ ಇತ್ತು. ಮುಚ್ಚಳ ಅವರೇ ತೆಗೆದು ತೋರಿಸಿದರು. ಧೂಳು, ಒಂದು ಹಲ್ಲಿಯ ಮೊಟ್ಟೆ, ಅಷ್ಟೆ. ಆನ್ ಮಾಡಿದರು. ನಿಧಾನಕ್ಕೆ ಎದ್ದಿತು. ಆಫ್ ಮಾಡಿಸಿದೆ. ಪುನಃ ಎದ್ದಿತು.

"ಒಂದು ದೋಷ ಉಂಟು" ಎಂದರು ಅವರು. "ಸಿಡಿ ಹಾಕುವ ಬಾಯಿ ಬಟನ್ ಒತ್ತಿದರೆ ತೆರೆಯುದಿಲ್ಲ. ಇಲ್ಲಿ ಸಣ್ಣ ತೂತುಂಟಲ್ಲ, ಪಿನ್ನು ಚುಚ್ಚಬೇಕು. ಮೊದಲೇ ಹೇಳಿದ್ದೇನೆ, ಮತ್ತೆ ಬೇಸರ ಬೇಡ."

ನನಗೆ ಅಲ್ಲಿಯೇ ಸಂಶಯ ಬಂತು. ಕೇಳದೆಯೇ ದೋಷ ಹೇಳುವ ಮಾರುವವನನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಇಷ್ಟು ಸಣ್ಣದನ್ನು ಹೇಳುತ್ತಾರೆ ಎಂದರೆ ಎಷ್ಟು ದೊಡ್ಡದನ್ನು ಮುಚ್ಚಿಟ್ಟಿರಬೇಕು! ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದನ್ನೇ ಯೋಚಿಸಿದೆ. ಎಂತ ಜನ! ದೋಷ ಹೇಳಿ ಮೋಸ ಮಾಡುವಷ್ಟು ಮುಂದುವರಿದಿದ್ದಾರೆ.

ಬೆಳಿಗ್ಗೆ ಸಿಡಿಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಪುನಃ ಹೋದೆ. ಅವರ ಹೆಂಡತಿ ತಮ್ಮ ಬಳೆಯಿಂದ ಒಂದು ಸೇಫ್ಟಿ ಪಿನ್ ತೆಗೆದು ಕೊಟ್ಟರು. ನಮ್ಮಲ್ಲಿಯೂ ಪಿನ್ನು ಇದ್ದದ್ದು ಬಳೆಯಲ್ಲಿಯೇ. ರೈಲ್ವೆಯವರು ಅದನ್ನು ತೂತಿಗೆ ಚುಚ್ಚಿದರು. ಬಾಯಿ ತೆರೆಯಿತು. ಸಿಡಿ ನಾನೇ ಇಟ್ಟೆ. ಇದರಲ್ಲಿಯೂ ಯಾರದ್ದಾದರೂ ಗೃಹಪ್ರವೇಶ ಬಂದರೆ?

ಗರಗರ ಎಂದಿತು. ನಿಂತಿತು. ಪುನಃ ಗರಗರ ಎಂದಿತು. ಊಟದ ಹಾಲ್ ಬಂತು. ಬಾಳೆಲೆ, ಅನ್ನದ ಬುಟ್ಟಿ, ಒಂದೇ ಸಾಲಿನಲ್ಲಿ ನಮ್ಮ ನೆಂಟರು. ಅರ್ಧದಷ್ಟು ಜನ ಈಗ ಇಲ್ಲ. ನನ್ನ ಮಾವ ಹತ್ತು ನಿಮಿಷ ಹೋಳಿಗೆ ತಿಂದರು. ಆ ಕ್ಯಾಮೆರಾದವನಿಗೆ ಬೇರೆ ಮುಖವೇ ಸಿಕ್ಕಲಿಲ್ಲ. ನನಗೆ ಸಿಟ್ಟು ಏರಿತು.

ಆಮೇಲೆ ಅವಳು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಕೈಯಲ್ಲಿ ಪಾಯಸದ ಬಕೆಟು. ಒಬ್ಬೊಬ್ಬರ ಎಲೆಗೂ ಬಗ್ಗಿ ಬಡಿಸುತ್ತಾ, ಬಡಿಸುತ್ತಾ, ನಮ್ಮ ಕಡೆಗೇ ಬರುತ್ತಾ ಇದ್ದಾಳೆ. ಆ ನಡಿಗೆ ಹಾಗೆಯೇ ಉಂಟು. ಎಡದ ಕಾಲು ಸ್ವಲ್ಪ ಎಳೆಯುವುದು.

ರೈಲ್ವೆಯವರು ನನ್ನನ್ನೇ ನೋಡುತ್ತಿದ್ದರು. ಎರಡು ಹೊತ್ತು ಆಯಿತಲ್ಲ, ಇನ್ನು ಕೇಳಬಹುದು ಎಂದುಕೊಂಡಿರಬೇಕು.

"ಹೇಗೆ?" ಎಂದರು. "ಕೊಂಡು ಹೋಗ್ತೀರಾ?"

ಆಗಲೇ ಕ್ಯಾಮೆರಾದವ ಅವಳ ಮುಖದ ಹತ್ತಿರಕ್ಕೆ ಹೋದ. ಅವಳು ಬಕೆಟು ಕೆಳಗಿಟ್ಟಳು. ಸೊಂಟಕ್ಕೆ ಕೈ ಕೊಟ್ಟಳು. ನಮ್ಮ ಮೂವರನ್ನೂ ಎದುರೆದುರು ನೋಡಿ, ಕೋಣೆ ತುಂಬುವ ಹಾಗೆ ಹೇಳಿದಳು:

"ಬೇಡ! ಬೇಡ ಅಂದ್ರೆ ಬೇಡ!"

ರೈಲ್ವೆಯವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರೈಲ್ವೆಯವರು ಪರದೆ ನೋಡಿದರು, ನನ್ನನ್ನು ನೋಡಿದರು.

"ಮನೆಯವರಾ?" ಎಂದು ಮೆಲ್ಲನೆ ಕೇಳಿದರು.

"ಹೌದು."

"ಬೇಡ ಅಂತಾರಲ್ಲ?"

ನನಗೆ ನಗು ಬಂತು. ಒಂದು ವರ್ಷದಿಂದ ಬಾರದ್ದು ಒಟ್ಟಿಗೇ ಬಂತು. ಕಣ್ಣಿನಲ್ಲಿಯೂ ಬಂತು. ಬೈರಾಸಿನಲ್ಲಿ ಒರೆಸಿಕೊಂಡೆ.

"ನೀವು ವಯರು ಬಿಚ್ಚಿ" ಎಂದೆ. "ನಮ್ಮ ಹಟ್ಟಿಯಲ್ಲಿ ಕಟ್ಟಿದ ದನವೆಲ್ಲ ಅವಳು ಬೇಡ ಅಂದದ್ದೇ."