ಹನ್ನೆರಡು ಯೂನಿಟ್ಟು

ಒಂದು ತೆಂಗಿನ ಗರಿ ಮನುಷ್ಯನ ಮಾನ ತೆಗೆಯಬಲ್ಲದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ಸೀನು ನಕ್ಕುಬಿಡುತ್ತಿದ್ದ. ಆದರೆ ಯಾರೂ ಹೇಳಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅವನು ಜಯನಗರದ ಯಡಿಯೂರು ಕೆರೆ ಹಿಂದಿನ ಅಡ್ಡರಸ್ತೆಯ ತನ್ನ ಮನೆಯ ತಾರಸಿ ಮೇಲೆ ಬನಿಯನ್ನು ಪಂಚೆಯಲ್ಲಿ ನಿಂತಿದ್ದ. ಪಕ್ಕದ ಮನೆಯ ತೆಂಗಿನಮರದ ಒಂದೇ ಒಂದು ಗರಿ ಕಾಂಪೌಂಡು ದಾಟಿ ಇತ್ತ ಬಾಗಿತ್ತು. ಅದರ ನೆರಳು ಅವನ ಆರು ಸೋಲಾರ್ ಪ್ಯಾನೆಲ್ಲುಗಳಲ್ಲಿ ಮೊದಲನೆಯದರ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ, ಕಾಲು ಚಾಚಿ ಮಲಗುತ್ತಿತ್ತು.

ನೆರಳು ಬಿದ್ದದ್ದು ಒಂದರ ಮೇಲೆ, ಕೂತುಬಿಟ್ಟದ್ದು ಆರೂ. "ಅದು ಹಂಗೇ ಸಾರ್, ಒಂದಕ್ಕೊಂದು ಪೋಣಿಸಿರ್ತೀವಲ್ಲ" ಎಂದು ಸೋಲಾರ್ ಕಂಪನಿಯ ಶಿವಕಿರಣ್ ವಿವರಿಸಿದ್ದ. ವಿವರಿಸಿದ್ದು ದುಡ್ಡು ಎಣಿಸಿಕೊಂಡ ಮೇಲೆ. ಕೂಡುಕುಟುಂಬದಲ್ಲಿ ದೊಡ್ಡ ಸೊಸೆ ಮುನಿಸಿಕೊಂಡರೆ ಮನೆಮಂದಿಗೆಲ್ಲ ಊಟ ತಪ್ಪುವ ಹಾಗೆ ಎಂದು ಸೀನು ಅರ್ಥ ಮಾಡಿಕೊಂಡ.

ಬೇರೆ ದಿನವಾಗಿದ್ದರೆ ಅವನೂ ಹೋಗಲಿ ಬಿಡು ಎನ್ನುತ್ತಿದ್ದ. ಇವತ್ತು ಹಾಗನ್ನುವಂತಿರಲಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಬೇರೆಯವರ ಅರ್ಜಿಗಳಿಗೆ ಸಹಿ ಹಾಕಿ ನಿವೃತ್ತನಾದ ಸೀನುವಿಗೆ ತನ್ನ ಬದುಕಿನಲ್ಲಿ ತಾನೇ ಆರಿಸಿ ತಂದ ವಸ್ತು ಅಂತ ಒಂದೂ ಇರಲಿಲ್ಲ. ಮನೆ ಅಪ್ಪ ಕಟ್ಟಿದ್ದು. ಸ್ಕೂಟರು ಭಾವಮೈದ ಆರಿಸಿದ್ದು. ಹೆಂಡತಿ ಸತ್ಯಭಾಮಾಳನ್ನು ಸೋದರಮಾವ ನೋಡಿ ಒಪ್ಪಿಬಂದದ್ದು. ಸೋಲಾರ್ ಒಂದನ್ನು ಮಾತ್ರ ಅವನು ಯಾರನ್ನೂ ಕೇಳದೆ, ಸಾಲ ಮಾಡಿ ಹಾಕಿಸಿದ್ದ. ದಿನಕ್ಕೆ ಹನ್ನೆರಡು ಯೂನಿಟ್ಟು ಗ್ಯಾರಂಟಿ ಎಂದು ಶಿವಕಿರಣ್ ಹೇಳಿದ್ದನ್ನು ಬೀದಿಗೆಲ್ಲ ಸಾರಿಯೂ ಬಂದಿದ್ದ.

ಒಂದೂವರೆ ತಿಂಗಳಾಯಿತು. ಒಂಬತ್ತರ ಮೇಲೆ ಒಂದು ದಿನವೂ ಹೋಗಲಿಲ್ಲ. ಮೂವತ್ತು ವರ್ಷ ಹಪ್ಪಳ ಸಂಡಿಗೆ ಒಣಗಿಸಿದ ತಾರಸಿಯನ್ನು ಕಳೆದುಕೊಂಡ ಸತ್ಯಭಾಮಾ ಕೊನೆಗೆ ಗಡುವು ಕೊಟ್ಟಳು.

"ನೋಡಿ, ನಾನೇನು ದಿನಾ ಕೇಳ್ತಿಲ್ಲ. ಒಂದೇ ಒಂದು ದಿನ ಹನ್ನೆರಡು ತೋರ್ಸಿ, ಆಮೇಲೆ ನಾನು ತುಟಿ ಬಿಚ್ಚಲ್ಲ. ಶನಿವಾರ ಸಂಜೆ ಒಳಗೆ ಬರ್ಲಿಲ್ಲ ಅಂದ್ರೆ ಭಾನುವಾರ ಬಿಚ್ಚಿಸ್ಬಿಡಿ. ನನ್ನ ತಾರಸಿ ನನಗೆ ಬೇಕು."

ಇವತ್ತೇ ಶನಿವಾರ. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಮೊಬೈಲಿನ ಸೋಲಾರ್ ಆ್ಯಪಿನಲ್ಲಿ ಒಂದು ಪಾಯಿಂಟ್ ಎರಡು ಯೂನಿಟ್ಟು ತೋರಿಸುತ್ತಿತ್ತು. ದೇವರು ಬಿಸಿಲು ಕೊಟ್ಟರೂ ಪಕ್ಕದ ಮನೆ ನಾರಾಯಣಮ್ಮನ ತೆಂಗಿನಮರ ಬಿಡುತ್ತಿಲ್ಲವಲ್ಲ ಎಂದು ಸೀನುವಿಗೆ ಹೊಟ್ಟೆ ಉರಿಯಿತು. ಅಂಗಿ ಸಿಕ್ಕಿಸಿಕೊಂಡು ಇಳಿದ. ಮೂಲೆಯಲ್ಲಿ ಎಳನೀರು ಮಾರುವ ಬೋರಣ್ಣನನ್ನು ಮಚ್ಚಿನ ಸಮೇತ ಕರೆದುಕೊಂಡು ಪಕ್ಕದ ಮನೆಯ ಗೇಟು ತೆಗೆದ.

ನಾರಾಯಣಮ್ಮ ಯಡಿಯೂರಿನ ಹಳೆಯ ಕುಳ. ಈ ಬಡಾವಣೆಯೆಲ್ಲ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲ. ಈಗ ಅದೇ ಹೊಲದಲ್ಲಿ ಏಳು ಬಾಡಿಗೆ ಮನೆ ಬೆಳೆದಿದ್ದವು. ಜಗಲಿಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸಂಡಿಗೆ ಹಿಟ್ಟು ತಿರುವುತ್ತ ಕೂತಿದ್ದ ಆಕೆ ಮಚ್ಚನ್ನು ಮೊದಲು ನೋಡಿದರು, ಸೀನುವನ್ನು ಆಮೇಲೆ.

"ಏನ್ ಸೀನಪ್ನೋರೆ, ಮಚ್ಚು ಇಡ್ಕಂಡು ಬಂದ್ರಿ?"

"ಒಂದು ಗರಿ ಅಮ್ಮ. ಒಂದೇ ಒಂದು. ನಮ್ಮ ಸೋಲಾರ್ ಮೇಲೆ ನೆರಳು ಬೀಳ್ತಿದೆ."

"ನಮ್ಮೆಜಮಾನ್ರು ಚಿಕ್ಕಬೈರಪ್ಪನೋರು ನೆಟ್ಟ ಮರ ಕಣಪ್ಪ ಅದು. ಸಾಯೋ ವರ್ಷನೂ ನೀರು ಉಯ್ದವ್ರೆ. ಅದ್ಕೆ ಮಚ್ಚು ತಾಕ್ಸೋದಾ? ಬುಡ್ತು ಅನ್ನಿ." ಆಕೆ ಹಿಟ್ಟಿನ ಸೌಟನ್ನು ಒಮ್ಮೆ ಪಾತ್ರೆಯ ಅಂಚಿಗೆ ಕುಟ್ಟಿದರು. "ಅಲ್ಲಾ, ನಂಗೊಂದು ಅರ್ಥ ಆಗಲ್ಲ. ನಮ್ಮ ಏಳು ಮೀಟ್ರಿಗೂ ಸೊನ್ನೆ ಬಿಲ್ಲು ಬತ್ತದೆ. ಸರ್ಕಾರದೋರು ಬಿಟ್ಟಿ ಕೊಡ್ತಾವ್ರೆ. ನೀವ್ಯಾಕೆ ಬಿಸ್ಲಿಗೆ ದುಡ್ಡು ಕೊಟ್ರಿ?"

"ನಮ್ದು ಇನ್ನೂರು ಯೂನಿಟ್ ದಾಟತ್ತೆ ಅಮ್ಮ, ಬಿಟ್ಟಿ ಸಿಗಲ್ಲ. ಸೋಲಾರಿಗೆ ದಿಲ್ಲಿಯೋರು ಸಬ್ಸಿಡಿ ಕೊಡ್ತಾರೆ."

"ಓಹೋ. ಇಲ್ಲಿನ ಸರ್ಕಾರ ಕರೆಂಟು ಬಿಟ್ಟಿ ಕೊಡ್ತದೆ, ಅಲ್ಲಿನ ಸರ್ಕಾರ ಕರೆಂಟು ನೀನೇ ಮಾಡ್ಕೋ ಅಂತ ದುಡ್ಡು ಕೊಡ್ತದೆ. ಇಬ್ರೂ ಕೊಡ್ತಾನೇ ಅವ್ರೆ. ನಡುವೆ ಸಾಲ ಆಗಿದ್ದು ನಿಮಗೊಬ್ರಿಗೇಯಾ?"

ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಇದ್ದ ಸೀನುವಿಗೂ ಈ ಲೆಕ್ಕ ಇಷ್ಟು ಚೊಕ್ಕವಾಗಿ ಕಂಡಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ವೆಂಕಟಸ್ವಾಮಿ ಬಂದರು. ಅವರು ಕೆರೆ ವಾಕಿಂಗ್ ಸಂಘದ ಅಧ್ಯಕ್ಷರು. ಸೋಲಾರ್ ಪರವಾಗಿ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆರಡು ಸಂದೇಶ ಹಾಕುವವರು. ಮರಗಳ ಪರವಾಗಿ ಮೂರು. ಮಚ್ಚು ಕಂಡದ್ದೇ ಮೊಬೈಲು ತೆಗೆದು ಬೋರಣ್ಣನ ಫೋಟೋ ಹಿಡಿದರು.

"ಸೀನು, ಏನಿದು? ಹಸಿರು ಇಂಧನ ಬೇಕು ಅಂತ ಹಸಿರನ್ನೇ ಕಡಿಯೋದೇನ್ರಿ?"

"ಸಾರ್, ಸೋಲಾರ್ ಹಾಕ್ಸಿ ಹಾಕ್ಸಿ ಅಂತ ಬೀದಿಯೋರ ಪ್ರಾಣ ತಿಂದವರು ನೀವೇ ಅಲ್ವಾ?"

"ಹಾಕ್ಸಿ ಅಂದೆ. ಮರದ ತಂಟೆಗೆ ಹೋಗಿ ಅಂದ್ನಾ? ಪರ್ಮಿಷನ್ ಇಲ್ದೆ ಎಲೆ ಮುಟ್ಟಿದ್ರೂ ನಾನೇ ಕಂಪ್ಲೇಂಟ್ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ, ನಾನು ನಿಮ್ಮ ಪರಾನೇ."

ತನ್ನ ಫೋಟೋ ಎಲ್ಲಿಗೆ ಹೋಗುತ್ತದೋ ಎಂದು ಮಚ್ಚನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ ಬೋರಣ್ಣನೇ ದಾರಿ ತೋರಿಸಿದ. "ಕಡಿಯೋದು ಬ್ಯಾಡ ಅಂದ್ರೆ ಕಟ್ಬೋದಲ್ವಾ? ಗರಿಗೆ ಅಗ್ಗ ಆಕಿ ಪಕ್ಕಕ್ಕೆಳ್ಕೊಂಡ್ರೆ ನೆಳ್ಳು ಅತ್ಲಾಗೆ ಓಯ್ತದೆ."

ವೆಂಕಟಸ್ವಾಮಿ ಇದಕ್ಕೆ ಆಕ್ಷೇಪಣೆ ಹುಡುಕಿದರು, ಸಿಗಲಿಲ್ಲ. ನಾರಾಯಣಮ್ಮ ಮಾತ್ರ ಸುಮ್ಮನೆ ಒಪ್ಪುವ ಪೈಕಿ ಅಲ್ಲ.

"ಕಟ್ಕಳಿ. ಆದ್ರೆ ನಂಗೊಂದು ಜಾಗ ಬೇಕು. ನಮ್ಮ ಮಹಡಿ ತುಂಬ ಬಾಡಿಗೆಯೋರ ಬಟ್ಟೆ. ನೆನ್ನೆ ಅಮಾಸೆ, ಇಟ್ಟು ಕಲಸಂಗಿರ್ಲಿಲ್ಲ. ಇವತ್ತು ಕಲಸಿವ್ನಿ. ನಿಮ್ಮ ತಾರಸೀಲಿ ಒಸಿ ಸಂಡಿಗೆ ಆಕ್ಕಂತೀನಿ."

"ಅಯ್ಯೋ, ಧಾರಾಳವಾಗಿ ಹಾಕ್ಕೊಳ್ಳಿ ಅಮ್ಮ!" ಎಂದ ಸೀನು. ಆ ಹೊತ್ತಿಗೆ ಆಕೆ ಅವನ ಮನೆಯ ಬಾಗಿಲು ಕೇಳಿದ್ದರೂ ಕಿತ್ತುಕೊಡುತ್ತಿದ್ದ. "ನಿಮ್ಮದೇ ಮನೆ ಅಂದ್ಕೊಳ್ಳಿ. ಎಲ್ಲಿ ಚೆನ್ನಾಗಿ ಬಿಸಿಲು ಬೀಳತ್ತೋ ಅಲ್ಲೇ ಹಾಕಿ."

ಈ ಕೊನೆಯ ವಾಕ್ಯವನ್ನು ಅವನು ಆಡದಿದ್ದರೆ ಚೆನ್ನಾಗಿತ್ತು.

ಬೋರಣ್ಣ ಮರ ಹತ್ತಿ ಗರಿಗೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ತಾರಸಿಗೆ ಎಸೆದ. ನೀರಿನ ಪೈಪಿಗೆ ಕಟ್ಟಿದರು. ಗಾಳಿ ಬೀಸಿದ್ದೇ ಗರಿ ಎಳೆಯಿತು, ಪೈಪು ಕಿರ್ ಅಂದಿತು. "ಕೈಯಲ್ಲೇ ಇಡ್ಕೊಳಿ ಸಾರ್. ಗಾಳಿ ಬಂದಾಗ ಬಿಟ್ಕೊಡಿ, ಓದ್ಮೇಲೆ ಎಳ್ಕೊಳಿ" ಎಂದು ಹೇಳಿ ಬೋರಣ್ಣ ಎಳನೀರು ಗಾಡಿಗೆ ಹೋದ.

ಹೀಗೆ ನಿವೃತ್ತ ಹೆಡ್ ಕ್ಲಾರ್ಕ್ ಸೀನು ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ಜಯನಗರದ ಉರಿಬಿಸಿಲಿನಲ್ಲಿ ಒಂದು ತೆಂಗಿನಮರವನ್ನು ಹಗ್ಗ ಹಾಕಿ ಹಿಡಿದುಕೊಂಡು ನಿಂತ. ಹಾಲಿನವನು ನೋಡಿದ. ಪೇಪರಿನ ದುಡ್ಡಿಗೆ ಬಂದವನು ನೋಡಿ, ದುಡ್ಡು ಕೇಳದೆ ಹೋದ. ಹತ್ತೂಕಾಲಿಗೆ ಯೂನಿಟ್ಟು ಮತ್ತೆ ಕುಂಟತೊಡಗಿತು. ಗರಿಯ ನೆರಳು ಎಲ್ಲೂ ಇಲ್ಲ. ಕಾಲು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಪ್ಯಾನೆಲ್ಲಿನ ಮೇಲೆ ಬಿದ್ದಿದ್ದದ್ದು ಅವನದೇ ನೆರಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಹಿಡಿದ.

ಅಂಗೈ ಸುಲಿಯಿತು, ಬೋಳು ತಲೆ ಕಾದು ಕೆಂಡವಾಯಿತು. ಆದರೆ ಮೊಬೈಲಿನಲ್ಲಿ ಮೂರಾಯಿತು, ನಾಲ್ಕೂವರೆಯಾಯಿತು. ಹನ್ನೆರಡೂವರೆಗೆ ಆರು ಪಾಯಿಂಟ್ ಎಂಟು! ಸೂರ್ಯ ನೆತ್ತಿ ದಾಟಿದ್ದ, ಮರದ ನೆರಳು ಇನ್ನು ಇತ್ತ ಬರುವಂತಿರಲಿಲ್ಲ. ಉಳಿದ ಐದೂ ಚಿಲ್ಲರೆ ಸಂಜೆಯೊಳಗೆ ತಾನಾಗಿಯೇ ಆಗುತ್ತದೆ. ಸೀನುವಿನ ಕಣ್ಣಲ್ಲಿ ನೀರೇ ಬಂತು. ಹಗ್ಗ ಬಿಟ್ಟು ಕೆಳಗಿಳಿದು, ಸತ್ಯಭಾಮಾ ಬಡಿಸಿದ್ದನ್ನು ರಾಜನ ಹಾಗೆ ಕೂತು ಉಂಡ.

"ಎಷ್ಟಾಯ್ತು?" ಎಂದಳು ಅವಳು.

"ಸಂಜೆ ನೋಡ್ತೀಯಂತೆ ಬಿಡು ಭಾಮಾ" ಎಂದು ಹೇಳಿ ಹಾಸಿಗೆಗೆ ಬಿದ್ದ. ಬಿದ್ದವನಿಗೆ ಸತ್ತಂಥ ನಿದ್ದೆ.

ಎಚ್ಚರವಾದಾಗ ಮೂರೂ ಮುಕ್ಕಾಲು. ಕಣ್ಣುಜ್ಜಿಕೊಂಡು ಮೊಬೈಲು ನೋಡಿದ. ಆರು ಪಾಯಿಂಟ್ ಒಂಬತ್ತು. ಇನ್ನೊಮ್ಮೆ ಉಜ್ಜಿಕೊಂಡ. ಆರು ಪಾಯಿಂಟ್ ಒಂಬತ್ತು. ಕಿಟಕಿಯಾಚೆ ಬಿಸಿಲು ಧಗಧಗ ಉರಿಯುತ್ತಿತ್ತು. ಶಿವಕಿರಣನಿಗೆ ಫೋನು ಮಾಡಿದ.

"ಸಾರ್, ಪ್ಯಾನೆಲ್ ಮೇಲೆ ಏನಾದ್ರೂ ಬಿದ್ದಿದ್ಯಾ ನೋಡಿ. ಪಾರಿವಾಳ ಗೀರಿವಾಳ."

ಪಾರಿವಾಳ ಇರಲಿಲ್ಲ. ಸೀನು ಮೆಟ್ಟಿಲು ಹತ್ತಿ ನೋಡಿದಾಗ ಅವನದೇ ಮೂರು ಹಳೆ ಬಿಳಿ ಪಂಚೆಗಳು ಆರು ಪ್ಯಾನೆಲ್ಲುಗಳ ಮೇಲೂ ಸುಕ್ಕಿಲ್ಲದ ಹಾಗೆ ಹಾಸಿದ್ದವು. ಪಂಚೆಗಳ ಮೇಲೆ, ಸಾಲು ಸಾಲಾಗಿ, ಅಕ್ಕಿ ಸಂಡಿಗೆ. ಒಂದು ಇನ್ನೂರಾದರೂ ಇದ್ದವು. ಪಕ್ಕದಲ್ಲಿ ಟ್ಯಾಂಕಿನ ನೆರಳಲ್ಲಿ ಕಾಗೆ ಓಡಿಸುವ ಕೋಲು ಹಿಡಿದು ನಾರಾಯಣಮ್ಮ ಕೂತಿದ್ದರು. ಅವರ ಪಕ್ಕದಲ್ಲಿ ಸತ್ಯಭಾಮಾ!

"ಅಯ್ಯಯ್ಯೋ! ಏನ್ ಮಾಡ್ಬಿಟ್ರಿ?"

"ನೀವೇ ಅಂದ್ರಲ್ಲಪ್ಪ, ಚೆನ್ನಾಗಿ ಬಿಸ್ಲು ಬೀಳೋ ಕಡೆ ಆಕಿ ಅಂತ" ಎಂದರು ನಾರಾಯಣಮ್ಮ. "ತಾರಸೀಲೆಲ್ಲಾ ಹುಡುಕ್ದೆ. ಇದ್ರಷ್ಟು ಬಿಸ್ಲು ಇನ್ನೆಲ್ಲೂ ಇಲ್ಲ."

"ಭಾಮಾ, ನೀನೂನಾ? ಕರೆಂಟು ನಿಂತೋಗಿದೆ ಕಣೇ!"

"ಯಾಕೆ ನಿಲ್ಲತ್ತೆ?" ಸತ್ಯಭಾಮಾ ಪಂಚೆಯ ಅಂಚೆತ್ತಿ ಗಾಜಿಗೆ ಬೆರಳು ತಾಗಿಸಿ, ಸುಟ್ಟಿತೆಂದು ಹಿಂದಕ್ಕೆಳೆದುಕೊಂಡಳು. "ಮುಟ್ಟಿ ನೋಡಿ, ಹೆಂಗೆ ಕಾದಿದೆ. ಇಪ್ಪತ್ತು ವರ್ಷದಿಂದ ನಮ್ಮ ಸೋಲಾರ್ ಗೀಜರು ಕಾದ ಮೇಲೆ ನೀರು ಬಿಸಿ ಬಂದಿಲ್ವಾ? ಇದೂ ಕಾದಿದೆ. ಕರೆಂಟು ಬರ್ದೇ ಏನು?"

ಗೀಜರಿಗೆ ಕಾವು ಬೇಕು, ಇದಕ್ಕೆ ಬೆಳಕು ಬೇಕು ಎಂದು ಸೀನು ಒಂದೇ ಉಸಿರಿನಲ್ಲಿ ವಿವರಿಸಿದ. ಬಿಸಿಲಲ್ಲಿ ಅವೆರಡೂ ಒಟ್ಟಿಗೇ ಬರುತ್ತವಲ್ಲ ಎಂದು ಇಬ್ಬರೂ ಹೆಂಗಸರು ಅವನನ್ನೇ ನೋಡಿದರು. ಅವನು ಒಂದು ಪಂಚೆಗೆ ಕೈ ಹಾಕಿದ. ನಾರಾಯಣಮ್ಮನ ಕೋಲು ಅವನ ಮಣಿಕಟ್ಟಿನ ಮೇಲೆ ಬಂದು ಕೂತಿತು.

"ಅರೆ ಒಣಗ್ಲಲ್ಲಿ ಎಬ್ಬಿಸ್ಬಾರ್ದು ಕಣಪ್ಪ, ಮುರಿದೋಯ್ತದೆ. ಇನ್ನೊಂದು ಗಂಟೆ."

ಆ ಒಂದು ಗಂಟೆ ಸೀನು ಮೆಟ್ಟಿಲ ಮೇಲೆ ಕೂತು ಸೂರ್ಯ ಇಳಿಯುವುದನ್ನು ನೋಡಿದ. ತಾನೊಬ್ಬನೇ ಆರಿಸಿ ತಂದದ್ದು ಕೂಡ ಹೀಗಾಯಿತಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು. ಐದಕ್ಕೆ ಸಂಡಿಗೆ ಎಬ್ಬಿಸಿದರು. ಆರೂವರೆಗೆ ಮೊಬೈಲು ಕೊನೆಯ ಲೆಕ್ಕ ಹೇಳಿತು: ಏಳು ಪಾಯಿಂಟ್ ಒಂದು.

ಅಡುಗೆಮನೆಯಲ್ಲಿ ಸತ್ಯಭಾಮಾ ಎಣ್ಣೆ ಕಾಯಿಸುತ್ತಿದ್ದಳು. ನಾರಾಯಣಮ್ಮ ಮೊರ ಹಿಡಿದು ನಿಂತಿದ್ದರು. ವಾಸನೆ ಹಿಡಿದು ವೆಂಕಟಸ್ವಾಮಿಯೂ ಬಂದಿದ್ದರು. ಸೀನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಹನ್ನೆರಡು ಬರ್ಲಿಲ್ಲ ಭಾಮಾ. ಮಾತು ಅಂದ್ರೆ ಮಾತು. ನಾಳೆ ಬಿಚ್ಚಿಸ್ತೀನಿ."

"ಏನು ಬಿಚ್ಚಿಸ್ತೀರಾ?"

"ಸೋಲಾರು."

ಸತ್ಯಭಾಮಾ ಒಂದು ಸಂಡಿಗೆಯನ್ನು ಬಾಣಲೆಗೆ ಬಿಟ್ಟಳು. ಅದು ಸರ್ರನೆ ಅರಳಿ ಮೂರು ಪಟ್ಟಾಗಿ, ಮಲ್ಲಿಗೆ ಬಿಳುಪಿನಲ್ಲಿ ತೇಲಿತು.

"ತಲೆ ನೆಟ್ಟಗಿದೆಯಾ ನಿಮಗೆ? ತಾರಸಿ ಮೇಲೆ ಮೂರು ದಿನ ಒಣಗಿಸ್ತಿದ್ದೆ ನಾನು. ಇದು ಒಂದೇ ಮಧ್ಯಾಹ್ನಕ್ಕೆ ಗಲಗಲ ಅಂತಿದೆ. ಮಣ್ಣಿಲ್ಲ, ಇರುವೆ ಇಲ್ಲ. ನೋಡ್ರೀ ನಾರಾಯಣಮ್ಮನೋರೆ, ಇಷ್ಟು ವರ್ಷಕ್ಕೆ ಇವರು ಒಂದು ಒಳ್ಳೆ ಸಾಮಾನು ತಂದಿದಾರೆ, ಅದನ್ನೂ ಬಿಚ್ಚಿಸ್ತಾರಂತೆ!"

ಸೀನುವಿನ ಎದೆ ಉಬ್ಬಿತು. ಮೂವತ್ತು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ. ವೆಂಕಟಸ್ವಾಮಿ ಬಿಸಿ ಸಂಡಿಗೆ ಮುರಿದು ಬಾಯಿಗೆ ಹಾಕಿಕೊಂಡು, "ಹೊಗೆ ಇಲ್ಲ, ಗ್ಯಾಸಿಲ್ಲ, ಕರೆಂಟೂ ಇಲ್ಲ. ಇದು ಕಣ್ರೀ ನಿಜವಾದ ಹಸಿರು ಶಕ್ತಿ! ಗ್ರೂಪಲ್ಲಿ ಹಾಕ್ಬಿಟ್ಟಿದೀನಿ. ಈ ಬೀದಿಯಿಂದ್ಲೇ ಹದಿನೇಳು ಮನೆಯೋರು ಕೇಳ್ತಿದಾರೆ" ಎಂದರು.

"ಏನು ಕೇಳ್ತಿದಾರೆ?"

"ದಿನ. ಯಾರಿಗೆ ಯಾವತ್ತು ಅಂತ." ಸತ್ಯಭಾಮಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿ ತೋರಿಸಿದಳು. "ನಾಳೆ ನಮ್ಮದು. ಸೋಮವಾರ, ಮಂಗಳವಾರ ಇವರ ಬಾಡಿಗೆಯೋರದು. ಆಮೇಲೆ ವೆಂಕಟಸ್ವಾಮಿಯವರ ಮನೆ ಹಪ್ಪಳ. ತಿಂಗಳು ಪೂರ್ತಿ ತುಂಬೋಯ್ತು."

ಸೀನು ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದ. ಮತ್ತೆ ಕೆಳಗಿನಿಂದ ಮೇಲೆ ಓದಿದ.

"ಮತ್ತೆ ಕರೆಂಟು?" ಎಂದ ಮೆಲ್ಲಗೆ.

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ಅವನು ಅಷ್ಟು ಕಷ್ಟಪಟ್ಟು ಹಗ್ಗ ಹಿಡಿದದ್ದು ನಾರಾಯಣಮ್ಮನಿಗೆ ನೆನಪಿತ್ತು, ಕರುಳು ಚುರುಕ್ ಅಂದಿರಬೇಕು.

"ಅಮಾಸೆ ದಿನ ಯಾರೂ ಇಟ್ಟು ಕಲಸಲ್ಲ ಕಣಪ್ಪ" ಎಂದರು. "ಅವತ್ತು ನೀವು ಕರೆಂಟು ಮಾಡ್ಕಳಿ."

ಸೀನು ಗೋಡೆಯ ಕ್ಯಾಲೆಂಡರು ನೋಡಿದ. ಅಮಾವಾಸ್ಯೆ ನಿನ್ನೆ ಕಳೆದಿತ್ತು.