ಹೊಸ ಮೋಟಾರ್ ಅವರ ಸನ್ನಿಧಿಗೆ, ಮೂರನೆಯ ಪ್ರೊಪೆಲ್ಲರ್ ಕುರಿತು

ಮಾನ್ಯ ಮೋಟಾರ್ ಮಹೋದಯರೇ,

ತಾವು ನಮ್ಮ ಬಡ ದೋಣಿಯ ಹಿಂಬದಿಯನ್ನು ಅಲಂಕರಿಸಿದ ದಿನದಿಂದ ಈ ದಡದವರೂ ಆ ದಡದವರೂ ನಮ್ಮ ಕ್ಷೇಮಕ್ಕಿಂತ ಮೊದಲು ತಮ್ಮ ಕ್ಷೇಮವನ್ನು ವಿಚಾರಿಸುತ್ತಿದ್ದಾರೆಂಬುದನ್ನು ಸಂತೋಷದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಈ ದೋಣಿಯ ಅರ್ಧ ಮಾಲೀಕಳು. ಟಿಕೆಟ್ ಹರಿಯುವುದು, ಹಗ್ಗ ಎಸೆಯುವುದು, ಪ್ರಯಾಣಿಕರಿಂದ ಬೈಸಿಕೊಳ್ಳುವುದು ನನ್ನ ಕೆಲಸ. ಉಳಿದರ್ಧದ ಮಾಲೀಕ ನನ್ನ ಅಣ್ಣ; ದೋಣಿ ನಡೆಸುವುದು, ಹೊಗಳಿಸಿಕೊಳ್ಳುವುದು ಅವನ ಕೆಲಸ. ಬಿಸಿಲಿಗೂ ಮಳೆಗೂ ತಮಗೆ ತಪ್ಪದೆ ಹೊದಿಕೆ ಹೊದಿಸುವ ಈ ಅಣ್ಣ, ನಾನು ಒಂದು ಕೊಡೆ ಕೇಳಿದರೆ "ನೀನೇನು ಕರಗಿ ಹೋಗ್ತೀಯಾ?" ಎನ್ನುತ್ತಾನೆ. ಮನೆಗೆ ಬಂದ ಹೊಸ ಅಳಿಯನಿಗೂ ಇಷ್ಟು ಉಪಚಾರ ನಡೆದದ್ದಿಲ್ಲ, ಬೇಕಾದರೆ ನನ್ನ ಗಂಡನನ್ನೇ ಕೇಳಬಹುದು.

ತಮ್ಮ ಪೂರ್ವಾಧಿಕಾರಿಗಳು, ಅಂದರೆ ನಾವು ಮುದುಕ ಎಂದು ಕರೆಯುತ್ತಿದ್ದ ಹಳೆಯ ಮೋಟಾರ್, ಅಪ್ಪನ ಕಾಲದಿಂದಲೂ ಒಂದು ರೆಕ್ಕೆಯ ತುದಿ ಮುರಿದ ಪ್ರೊಪೆಲ್ಲರನ್ನೇ ತಿರುಗಿಸುತ್ತಾ, ಕೆಮ್ಮುತ್ತಾ, ಎಣ್ಣೆ ಉಗುಳುತ್ತಾ, ಅದರ ನಂಬರ್ ಎಷ್ಟೆಂದು ಯಾರನ್ನೂ ಕೇಳದೆ, ಸಮಯಕ್ಕೆ ಸರಿಯಾಗಿ ಆ ದಡ ಮುಟ್ಟಿಸುತ್ತಿದ್ದರು. ತಾವಾದರೋ ಪ್ರೊಪೆಲ್ಲರೇ ಇಲ್ಲದ ಪೆಟ್ಟಿಗೆಯಲ್ಲಿ ಬಂದಿರಿ. ನಾನು ಹೌಹಾರಿ ಅಂಗಡಿಗೆ ಓಡಿದರೆ, ಅಲ್ಲಿಯ ತಜ್ಞರು ಕೈ ಕಟ್ಟಿಕೊಂಡು ನಿಂತು "ಅದು ಬೇರೆ ಬರುತ್ತಮ್ಮಾ, ದೋಣಿ ನೋಡಿ, ಭಾರ ನೋಡಿ ಆರಿಸ್ಕೋಬೇಕು" ಎಂದರು. ಕಾಲಿಲ್ಲದ ಕುದುರೆಯನ್ನು ಮಾರಿ ಕಾಲು ನೀವೇ ಆರಿಸಿಕೊಳ್ಳಿ ಎನ್ನುವ ಈ ಔದಾರ್ಯ ನನಗೆ ಬಹಳ ಹಿಡಿಸಿತು.

ಆರಿಸುವ ಭಾರವನ್ನು ಅಣ್ಣ ತಾನಾಗಿಯೇ ಹೊತ್ತುಕೊಂಡ. ಪ್ರೊಪೆಲ್ಲರಿನ ಮೇಲೆ ಎರಡು ನಂಬರ್ ಇರುತ್ತವಂತೆ: ಒಂದು ಅದರ ಅಗಲ, ಇನ್ನೊಂದು ಅದು ಒಂದು ಸುತ್ತು ತಿರುಗಿದರೆ ದೋಣಿಯನ್ನು ಎಷ್ಟು ಮುಂದಕ್ಕೆ ತಳ್ಳಬೇಕೆಂಬ ಲೆಕ್ಕ. ಅಂಗಡಿಯಲ್ಲಿದ್ದವುಗಳಲ್ಲಿ ಎರಡನೆಯ ನಂಬರ್ ಯಾವುದರದ್ದು ಎಲ್ಲಕ್ಕಿಂತ ದೊಡ್ಡದಿತ್ತೋ ಅದನ್ನೇ ಅವನು ಎತ್ತಿಕೊಂಡ. ಯಾಕೆಂದು ಕೇಳಿದರೆ "ದೊಡ್ಡದು ತಗೊಂಡ್ರೆ ಸಣ್ಣದೂ ಅದ್ರೊಳಗೇ ಬಂತಲ್ಲ, ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದ. ಅದನ್ನು ತಮ್ಮ ಬಾಲಕ್ಕೆ ಕಟ್ಟಿ, ದೋಣಿಯಲ್ಲಿ ಒಬ್ಬನೇ ಕುಳಿತು, ನೀರಿನ ಮೇಲೆ ಬಾಣದಂತೆ ಹೋಗಿ ಬಂದು, ಕೆದರಿದ ಕೂದಲನ್ನು ಸಂಜೆಯವರೆಗೆ ಬಾಚದೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದ. ದೋಣಿಯಲ್ಲಿ ಜನರೂ ಕೂರುತ್ತಾರೆಂಬ ಸಣ್ಣ ಸಂಗತಿ ಅವನ ತಲೆಗೆ ಹೊಳೆಯಲೇ ಇಲ್ಲ.

ಆ ಜನ ಯಾರೆಂಬುದನ್ನು ಇಲ್ಲಿ ಹೇಳಲೇಬೇಕು. ಆ ದಡದಲ್ಲೊಂದು ಬಿಸ್ಕತ್ತಿನ ಕಾರ್ಖಾನೆಯಿದೆ. ಅಲ್ಲಿ ಪ್ಯಾಕಿಂಗ್ ಮಾಡುವ ನಮ್ಮ ದಡದ ಒಂಬತ್ತು ಮಂದಿ ಹೆಂಗಸರು ಬೆಳಗಿನ ಮೊದಲ ಸರದಿಗೆ ನಮ್ಮ ದೋಣಿ ಹತ್ತುತ್ತಾರೆ. ಎಂಟಕ್ಕೆ ಗೇಟು ಹಾಕುತ್ತಾರೆ. ಹಾಕಿದ ಮೇಲೆ ಬಂದವರಿಗೆ ಅರ್ಧ ದಿನದ ಕೂಲಿ ಖೋತಾ. ಅವರಲ್ಲಿ ಹಿರಿಯಳನ್ನು ಎಲ್ಲರೂ ಗಡಿಯಾರದಕ್ಕ ಎನ್ನುತ್ತೇವೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಅಡುಗೆ ಮುಗಿಸಿ, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ ಬರುವ ಆಕೆ, ದೋಣಿಯ ಮುಂದಿನ ಹಲಗೆಯಲ್ಲಿ ಕುಳಿತು, ಕಣ್ಣನ್ನು ಕೈಗಡಿಯಾರದ ಮೇಲಿಂದ ಕದಲಿಸದೆ, ಆ ದಡ ಸಿಗುವವರೆಗೆ ಗಂಟೆ ಎಷ್ಟೆಂದು ಸಾರುತ್ತಿರುತ್ತಾಳೆ.

ಇವರೆಲ್ಲ ಹತ್ತಿ ಕುಳಿತ ಆ ಮೊದಲ ಬೆಳಿಗ್ಗೆ ತಾವು ತೋರಿದ ಗಾಂಭೀರ್ಯವನ್ನು ಏನೆಂದು ವರ್ಣಿಸಲಿ! ಅಣ್ಣ ಎಕ್ಸಲರೇಟರನ್ನು ಪೂರ್ತಿ ತಿರುಗಿಸಿದರೂ ತಾವು ಹೊರಲಾರದ ಮೂಟೆ ಹೊತ್ತವರಂತೆ ಏದುಸಿರು ಬಿಟ್ಟಿರಿ, ದೋಣಿ ಮೂತಿಯನ್ನು ಆಕಾಶಕ್ಕೆತ್ತಿ ಕುಂಡೆಯನ್ನು ನೀರಿಗಿಳಿಸಿತು, ಒಂಬತ್ತು ಊಟದ ಡಬ್ಬಿಗಳು ಉರುಳಿಕೊಂಡು ಬಂದು ನನ್ನ ಕಾಲಿಗೆ ಬಡಿದವು. ಆ ದಡ ಮುಟ್ಟುವಷ್ಟರಲ್ಲಿ ಗೇಟು ಹಾಕಿ ಆಗಿತ್ತು. ಗಡಿಯಾರದಕ್ಕ ನನ್ನ ಕಾಲ ಬಳಿಯ ಡಬ್ಬಿಗಳನ್ನು ಹೆಕ್ಕಿ ಅವರವರ ಕೈಗೆ ಕೊಟ್ಟು ಇಳಿದಳು, ಬೈದಿದ್ದರೆ ನನಗೆ ಒಳ್ಳೆಯದಿತ್ತು.

ಆಗ ತಜ್ಞರು ದೊಡ್ಡ ಮನಸ್ಸು ಮಾಡಿ, ಭಾನುವಾರ ಖುದ್ದಾಗಿ ಬಂದು ದೋಣಿಗೆ ಪೂರ್ತಿ ಭಾರ ಹಾಕಿ ಪರೀಕ್ಷೆ ನಡೆಸುವುದಾಗಿ ಹೇಳಿದರು. ಪೂರ್ತಿ ವೇಗದಲ್ಲಿ ತಮ್ಮ ಸುತ್ತು ಎಣಿಸುವ ಮೀಟರಿನ ಮುಳ್ಳು ತಮ್ಮೊಡನೆ ಬಂದ ಪುಸ್ತಕದಲ್ಲಿ ಹೇಳಿದ ಜಾಗಕ್ಕೆ ಬಂದು ನಿಂತರೆ ಪ್ರೊಪೆಲ್ಲರ್ ಸರಿ ಎಂದರ್ಥವಂತೆ. ಅಣ್ಣ ಸುಮ್ಮನಿರಬೇಕಲ್ಲ, "ಭಾನುವಾರ ಸವಾರಿ ಫ್ರೀ" ಎಂದು ಸಾರಿಬಿಟ್ಟ. ಪುಕ್ಕಟೆ ಎಂದರೆ ನೀರೆಂದರೆ ಹೆದರುವವರೂ ದೋಣಿ ಹತ್ತುತ್ತಾರೆಂಬುದು ಅವತ್ತು ನನಗೆ ತಿಳಿಯಿತು. ಕ್ಷೌರದಂಗಡಿಯವನು ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯ ಸಮೇತ ಬಂದ. ಸ್ವತಃ ತಜ್ಞರೇ ಹೆಂಡತಿ, ಮಕ್ಕಳು, ಅತ್ತೆ, ಅತ್ತೆಯ ತಂಗಿ ಇವರನ್ನೆಲ್ಲ ಕರೆತಂದಿದ್ದರು. ಹಿಂದೆಂದೂ ಹೊರದಷ್ಟು ಜನರನ್ನು ಹೊತ್ತ ದೋಣಿಗೆ ಹೊಂದುವಂತೆ ಅವರು ಅತ್ಯಂತ ಸಣ್ಣ ನಂಬರಿನ ಪ್ರೊಪೆಲ್ಲರ್ ತೊಡಿಸಿದರು, ಮುಳ್ಳು ಹೇಳಿದ ಜಾಗದಲ್ಲೇ ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಭಾರವೆಂದರೆ ದಿನನಿತ್ಯದ ಭಾರ ಎಂದು ಹೇಳುವ ಬುದ್ಧಿ ಆ ಗದ್ದಲದಲ್ಲಿ ನನಗೂ ಬರಲಿಲ್ಲ.

ಸೋಮವಾರ ಅದೇ ಒಂಬತ್ತು ಮಂದಿ, ಅದೇ ಒಂಬತ್ತು ಡಬ್ಬಿ. ತಾವು ಹೊರಡುವಾಗ ಏನೋ ಚುರುಕಾಗಿಯೇ ಹೊರಟಿರಿ. ಆಮೇಲೆ ಬರೀ ಗಂಟಲು ಹರಿದುಕೊಂಡಿರಿ. ಮುಳ್ಳು ಹೇಳಿದ ಜಾಗವನ್ನು ದಾಟಿ ಕೆಂಪಿಗೆ ನುಗ್ಗಿತು, ತಾವು ಅರಚಿ, ಮುಗ್ಗರಿಸಿ, ಮತ್ತೆ ಅರಚಿದಿರಿ, ದೋಣಿ ಮಾತ್ರ ಯಾರದೋ ಮನೆಯ ಕೆಲಸಕ್ಕೆ ಹೊರಟಂತೆ ಸಾವಕಾಶವಾಗಿ ಹೋಯಿತು. ಅಷ್ಟು ಗದ್ದಲ ಮಾಡಿ ಅಷ್ಟು ಕಡಿಮೆ ದೂರ ಹೋಗುವವರನ್ನು ನಾನು ನಮ್ಮ ವಾರ್ಡಿನ ಸಭೆಯಲ್ಲಿ ಮಾತ್ರ ಕಂಡಿದ್ದೆ. ಆ ದಿನವೂ ಗೇಟು ಹಾಕಿತ್ತು.

ಇಳಿಯುವಾಗ ಗಡಿಯಾರದಕ್ಕ ನನ್ನ ಭುಜದ ಮೇಲೆ ಕೈಯಿಟ್ಟು "ಶನಿವಾರದವರೆಗೆ ನೋಡ್ತೀವಿ ಕಣೇ, ಆಮೇಲೆ ಸೇತುವೆ ಬಸ್ಸೇ ಗತಿ. ನಿನ್ನ ಮೇಲೆ ಸಿಟ್ಟಿಲ್ಲಮ್ಮ. ಗೇಟಿನವನಿಗೆ ನಿನ್ನ ಮೋಟಾರಿನ ಕತೆ ಯಾಕೆ ಬೇಕು ಹೇಳು" ಎಂದಳು. ಬಸ್ಸೆಂದರೆ ಊರೆಲ್ಲ ಸುತ್ತಿ ನಿಂತೇ ಹೋಗಬೇಕು. ಈಗಲೇ ನಿದ್ದೆಗೆಟ್ಟಿರುವ ಆಕೆ ಇನ್ನೂ ಬೇಗ ಏಳಬೇಕು. ಆ ಬೆಳಗಿನ ಸರದಿ ಹೋದರೆ ನಮ್ಮ ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕುವುದೊಂದೇ ಬಾಕಿ. ನನಗೆ ಹೆದರಿಕೆಯಾಗಿದೆ, ಮಹೋದಯರೇ. ತಮಾಷೆಗೆ ಹೇಳುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವು. ತಮಗೆ ನಮ್ಮ ಭಾರ ಹಿಡಿಸದಿದ್ದರೆ ಎರಡು ದಡಗಳನ್ನು ಒಂದಿಷ್ಟು ಹತ್ತಿರಕ್ಕೆ ಸರಿಸಿಕೊಡಿ. ಅದಾಗದಿದ್ದರೆ ಭಾನುವಾರದ ಪುಕ್ಕಟೆ ಗಿರಾಕಿಗಳೆಲ್ಲ ತಜ್ಞರ ಅತ್ತೆಯ ನೇತೃತ್ವದಲ್ಲಿ ದಿನಾ ಬೆಳಿಗ್ಗೆ ಬಂದು ಕೂರುವಂತೆ ಅಪ್ಪಣೆ ಕೊಡಿ. ದಾರಿಯಲ್ಲಿ ಅವರಿಗೆ ಹಾಡಿ ರಂಜಿಸುವ ಹೊಣೆಯನ್ನು ಅಣ್ಣನಿಗೆ ವಹಿಸುತ್ತೇನೆ. ಇಲ್ಲವೇ ಕಾರ್ಖಾನೆಯ ಗೇಟಿಗೂ ಒಂದು ತಪ್ಪು ಪ್ರೊಪೆಲ್ಲರ್ ಸಿಗಿಸಿ, ಅದು ಮುಚ್ಚಿಕೊಳ್ಳಲು ನಮ್ಮಷ್ಟೇ ಹೊತ್ತು ತೆಗೆದುಕೊಳ್ಳುವಂತೆ ಮಾಡಿ.

ಇವು ಯಾವುವೂ ತಮ್ಮ ಕೈಲಾಗದೆಂದಾದರೆ ಕೊನೆಯದಾಗಿ ಒಂದು. ಇಂದು ಶುಕ್ರವಾರ ಸಂಜೆ, ನಾಲ್ಕು ದಿನ ಅಂಗಡಿಗೆ ಅಲೆದ ಮೇಲೆ ತಜ್ಞರು ಮುಖ ಸಣ್ಣದು ಮಾಡಿಕೊಂಡು ಕೊಟ್ಟ ನಡುವಿನ ನಂಬರಿನ ಪ್ರೊಪೆಲ್ಲರನ್ನು ನಾನೂ ಅಣ್ಣನೂ ಸೊಂಟದವರೆಗೆ ನೀರಿನಲ್ಲಿ ನಿಂತು, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಳ್ಳುತ್ತಾ ತಮಗೆ ತೊಡಿಸಿದ್ದೇವೆ. ಖಾಲಿ ದೋಣಿಯಲ್ಲಿ ಓಡಿಸಿ ನೋಡಲು ಅಣ್ಣ ಹೊರಟಿದ್ದ, ನಾನು ಬಿಡಲಿಲ್ಲ. ನಾಳೆ ಬೆಳಿಗ್ಗೆ ಚಪ್ಪಾಳೆಯಿಲ್ಲ, ತಜ್ಞರಿಲ್ಲ. ಒಂಬತ್ತು ಹೆಂಗಸರು ತಂತಮ್ಮ ಜಾಗದಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಅದೇ ನಮ್ಮ ಭಾರ. ಅದನ್ನು ಹೊತ್ತು ತೋರಿಸಬೇಕಾಗಿ ಪ್ರಾರ್ಥನೆ.

ಇಂತು, ತಮ್ಮ ಬಾಲಕ್ಕೆ ಮೂರು ಸಲ ಪ್ರೊಪೆಲ್ಲರ್ ತೊಡಿಸಿಯೂ ಮರ್ಯಾದೆ ಕೈಬಿಡದ,
ತಮ್ಮ ವಿಶ್ವಾಸಿ,
ದೋಣಿಯ ಅರ್ಧ ಮಾಲೀಕಳು

ಮರೆತ ಮಾತು: ಪತ್ರ ಮಡಿಸಿಡುವಷ್ಟರಲ್ಲಿ ಶನಿವಾರವಾಗಿದೆ. ಮುಳ್ಳು ಹೇಳಿದ ಜಾಗಕ್ಕೆ ಬಂದು ಅಲ್ಲೇ ನಿಂತಿತು, ತಾವು ಅರಚಲೂ ಇಲ್ಲ, ಏದುಸಿರೂ ಬಿಡಲಿಲ್ಲ. ಅರ್ಧ ದಾರಿಯಾದರೂ ಗಂಟೆ ಎಷ್ಟೆಂದು ಸಾರುವ ದನಿ ಕೇಳದೆ ಗಾಬರಿಯಾಗಿ ಮುಂದೆ ಹೋಗಿ ನೋಡಿದರೆ, ಗಡಿಯಾರದಕ್ಕ ಡಬ್ಬಿಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಆ ದಡ ಮುಟ್ಟಿದಾಗ ಗೇಟು ತೆರೆದೇ ಇತ್ತು. ಉಳಿದವರೆಲ್ಲ ಸದ್ದಿಲ್ಲದೆ ಇಳಿದು ನಿಂತರು. ಎಬ್ಬಿಸಲು ಯಾರಿಗೂ ಮನಸ್ಸಿರಲಿಲ್ಲ, ಕೊನೆಗೆ ಆ ಪಾಪದ ಕೆಲಸವನ್ನು ನಾನೇ ಮಾಡಿದೆ. ತಮ್ಮನ್ನು ಇನ್ನು ನಾನು ಬೈಯುವುದಿಲ್ಲ. ಆದರೆ ಅಣ್ಣ ಅಂಗಡಿಯಲ್ಲಿ ನಾಲ್ಕು ರೆಕ್ಕೆಯದ್ದೊಂದನ್ನು ನೋಡಿಕೊಂಡು ಬಂದಿದ್ದಾನೆ. ಈಗಿನ ಮೂರು ರೆಕ್ಕೆಗಿಂತ ನಾಲ್ಕು ಹೆಚ್ಚಲ್ಲವೇ ಎನ್ನುತ್ತಿದ್ದಾನೆ. ಅವನು ನಟ್ಟು ಬಿಚ್ಚುವ ಪಾನಾ ಹಿಡಿದು ತಮ್ಮ ಹತ್ತಿರ ಬಂದರೆ, ದಯವಿಟ್ಟು ಒದೆಯಿರಿ.